‘ಪಳಗು’ ಶಬ್ದದ ಅರ್ಥವಿಚಾರ

ಎರೆಭೂಮಿಯ ನಮ್ಮ ಸಿರವಾರ ಸೀಮೆಯ ಒಕ್ಕಲಿಗನು ಹೊಸ ಹೋರಿಯನ್ನು ಮೊದಲ ಸಲ ನೊಗಕ್ಕೆ ಹೂಡುವಾಗ ಅದರ ಜೊತೆಗೆ ಮತ್ತೊಂದು ಹೊಸ ಹೋರಿಯನ್ನು ಕಟ್ಟುವುದಿಲ್ಲ. ಉಳುಮೆಯಲ್ಲಿ ನುರಿತ ಹಳೆಯ ಎತ್ತನ್ನೇ ಕಟ್ಟುತ್ತಾನೆ. ಈ ಕಾರ್ಯಕ್ಕೆ ಕನ್ನಡದಲ್ಲಿರುವ ಹೆಸರು ‘ಪಳಗಿಸುವುದು’. ಆ ಶಬ್ದದ ಒಡಲಿನಲ್ಲಿಯೂ ಒಂದು ‘ಹಳೆಯದು’ ಅಡಗಿದೆಯೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

‘ಪಳಗಿಸು’ ಎಂಬುದು ಮೂಲಧಾತುವಲ್ಲ. ‘ಪಳಗು’ ಎಂಬ ಅಕರ್ಮಕ ಧಾತುವಿಗೆ ‘ಇಸು’ ಪ್ರತ್ಯಯ ಸೇರಿ ಆದ ಪ್ರೇರಣಾರ್ಥಕ ರೂಪ. ಪಳಗುವ ಕ್ರಿಯೆಗೆ ಕರ್ತೃ ಪ್ರಾಣಿಯೇ. ಮನುಷ್ಯನು ಪ್ರೇರಕನು ಮಾತ್ರ. ಇದು ಅಲ್ಪವಿಷಯವೆಂದು ತೋರಬಹುದು, ಆದರೆ ಅರ್ಥದ ಕೀಲು ಇಲ್ಲಿಯೇ ಇದೆ.

ಹಳಗನ್ನಡದಲ್ಲಿ ಈ ಧಾತುವಿನ ರೂಪ ‘ಪೞಗು’. ನಡುವಣ ಅಕ್ಷರ ಇಂದಿನ ಳಕಾರವಲ್ಲ, ರಳ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳನ್ನು ವಿಂಗಡಿಸಿ ತೋರಿಸಿದ್ದಾನೆ. ‘ಹಳೆಯ’ ಎಂಬುದರ ಪೂರ್ವರೂಪವಾದ ‘ಪೞೆಯ’ದಲ್ಲಿಯೂ ಇದೇ ರಳವಿದೆ. ತಮಿಳಿನ ‘ಪೞಗು’ ಎಂದರೆ ಅಭ್ಯಾಸವಾಗು, ಒಡನಾಡು. ‘ಪೞಕ್ಕಂ’ ಎಂದರೆ ರೂಢಿ. ಮಲಯಾಳದ ‘ಪೞಕುಕ’ ಎಂಬ ಒಂದೇ ಕ್ರಿಯಾಪದಕ್ಕೆ ಹಳತಾಗು, ರೂಢಿಯಾಗು ಎಂಬೆರಡು ಅರ್ಥಗಳೂ ಉಂಟು. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಪಳಗುವುದೆಂದರೆ ಒಬ್ಬರಿಗೊಬ್ಬರು ಹಳಬರಾಗುವುದು. ‘ಹಳಸು’ ಎಂಬುದೂ ಇದೇ ಮನೆಯ ಮಗು. ಕಾಲ ಕಳೆದಂತೆ ಅನ್ನ ಹಳಸುತ್ತದೆ, ಹೋರಿ ಪಳಗುತ್ತದೆ!

ಪಾಲು, ಪುಲಿ, ಪಲ್ಲುಗಳು ಹಾಲು, ಹುಲಿ, ಹಲ್ಲುಗಳಾದರೂ ‘ಪಳಗು’ ಮಾತ್ರ ತನ್ನ ಪಕಾರವನ್ನು ಬಿಟ್ಟುಕೊಡಲಿಲ್ಲ. ಆದುದರಿಂದಲೇ ‘ಹಳೆಯ’ದೊಡನೆ ಅದಕ್ಕಿರುವ ನಂಟು ನಮ್ಮ ಕಿವಿಗೆ ಕೇಳಿಸದಾಗಿದೆ.

ಸಂಸ್ಕೃತದ ದಾರಿ ಬೇರೆ. ‘ದಮ್’ ಧಾತುವಿಗೆ ಧಾತುಪಾಠವು ಉಪಶಮವೆಂಬ ಅರ್ಥವನ್ನು ಹೇಳಿದ್ದರೂ ಪ್ರಯೋಗದಲ್ಲಿ ಅಡಗಿಸು, ವಶಪಡಿಸು ಎಂಬುದೇ ಬಲವಾಗಿದೆ. ನೊಗಕ್ಕೆ ಬಂದ ಹೋರಿಗೆ ಅಮರಕೋಶದಲ್ಲಿ ‘ದಮ್ಯ’ವೆಂದು ಹೆಸರು, ಎಂದರೆ ಅಡಗಿಸತಕ್ಕದ್ದು. ಲ್ಯಾಟಿನ್ನಿನ ‘ದೊಮಾರೆ’, ಇಂಗ್ಲಿಷಿನ ‘ಟೇಮ್’ ಇದರ ಸೋದರ ಶಬ್ದಗಳು.

ಕನ್ನಡದ ಶಬ್ದ ಮೃದುವಾದ ಮಾತ್ರಕ್ಕೆ ಕೃತ್ಯವೆಲ್ಲವೂ ಮೃದುವೆಂದಲ್ಲ. 1971ರಲ್ಲಿ ಕೊನೆಗೊಂಡ ಕಾಕನಕೋಟೆಯ ಖೆಡ್ಡಾದಲ್ಲಿ ಕಾಡಾನೆಗಳನ್ನು ಅಟ್ಟಿ, ಕೂಡಿಹಾಕಿ, ಹಗ್ಗದಿಂದ ಬಿಗಿಯುತ್ತಿದ್ದುದು ದಮನವೇ ಸರಿ. ಇಂದಿಗೂ ದುಬಾರೆಯಂತಹ ಶಿಬಿರಗಳಲ್ಲಿ ಸೆರೆಸಿಕ್ಕ ಆನೆಯನ್ನು ದಿಮ್ಮಿಗಳ ‘ಕ್ರಾಲ್’ನೊಳಗೆ ಇರಿಸುತ್ತಾರೆ. ಪಳಗುವುದು ಅದರ ಬಳಿಕ: ಮಾವುತ, ಕಾವಾಡಿಗಳು ದಿನವೂ ಎದುರು ನಿಂತು, ಅದೇ ದನಿಯಲ್ಲಿ ಕರೆದು, ಕಬ್ಬು ಬೆಲ್ಲಗಳನ್ನಿತ್ತು ತಿಂಗಳುಗಳು ಕಳೆದ ಮೇಲೆ. 1968ರಲ್ಲಿ ಕಾಕನಕೋಟೆಯಲ್ಲಿ ಸೆರೆಯಾದ ಅರ್ಜುನನೆಂಬ ಆನೆ 2012ರಿಂದ 2019ರವರೆಗೆ ಎಂಟು ಸಲ ಮೈಸೂರು ದಸರೆಯ ಅಂಬಾರಿಯನ್ನು ಹೊತ್ತಿತು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯದಲ್ಲಿ ಕಾದಿ ಮಡಿಯಿತು. ಹೊಸತರ ಬಳಿಗೆ ಹಳೆಯದನ್ನು ಕಳುಹುವ ಪದ್ಧತಿ ಅಲ್ಲಿಯೂ ಉಂಟು.

‘ಈ ಹುಡುಗನನ್ನು ಪಳಗಿಸಬೇಕು’ ಎಂದು ಅಧ್ಯಾಪಕರು ಬೆತ್ತದ ಕಡೆ ನೋಡುತ್ತಿದ್ದ ಕಾಲವೊಂದಿತ್ತು. ಬಾಯಲ್ಲಿದ್ದುದು ‘ಪಳಗು’, ಮನಸ್ಸಿನಲ್ಲಿದ್ದ ಧಾತು ‘ದಮ್’. ‘ಪಳಗಿದ ಕೈ’ ಎನ್ನುವಾಗ ಆ ಕೈಯನ್ನು ಯಾರೋ ಅಡಗಿಸಿದ್ದಾರೆಂದು ನಾವು ತಿಳಿಯುವುದಿಲ್ಲ. ದಿನವೂ ಬರೆದು ಬರೆದು ಅದು ಬರಹಕ್ಕೆ ಹಳತಾಗಿರುತ್ತದೆ.