ಕಮಲಾಪುರದ ಕೆಂಪು ಬಾಳೆಗೆ ಪೇಟೆಂಟ್ ಇದೆಯಾ?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು ಒಂದು ತಾಸಿನೊಳಗೆ ಕಮಲಾಪುರ. ಹೋದ ಸೆಮಿಸ್ಟರ್‌ನಲ್ಲಿ ನಾವು ಮೂವರು ಪ್ರಾಜೆಕ್ಟ್ ಪಾರ್ಟನರ್‌ಗಳು ಗೆಳೆಯನ ಮನೆಗೆ ಹೋಗಿ ಬರುವಾಗ ಅಲ್ಲಿ ಕೆಂಪು ಬಾಳೆಹಣ್ಣು ಕೊಂಡೆವು. ಹಣ್ಣು ಕೊಟ್ಟ ಅಕ್ಕಾರು ಹೆಮ್ಮೆಯಿಂದ ಹೇಳಿದರು: "ಇದು ಪೇಟೆಂಟ್ ಆಗಿರೋ ಹಣ್ಣು ನೋಡ್ರಿ ತಮ್ಮಾ, ಹಗುರ ತಿಳೀಬ್ಯಾಡ್ರಿ." ನಾವೂ ಹೌದ್ರಿ ಹೌದ್ರಿ ಅಂತ ತಲೆ ಆಡಿಸಿದೆವು. ಮುಂದೆ ನಮ್ಮದೇ ಪ್ರಾಜೆಕ್ಟಿಗೆ ಪೇಟೆಂಟ್ ಮಾಡಿಸಬೇಕು ಅಂತ ಸರ್ ಹತ್ತಿರ ಹೋದಾಗ ಗೊತ್ತಾಯಿತು: ಆ ಶಬ್ದದ ಅರ್ಥ ಅಕ್ಕಾರಿಗೂ ತಿಳಿದಿರಲಿಲ್ಲ, ಎಂಟನೇ ಸೆಮಿಸ್ಟರ್‌ಗೆ ಬಂದ ನಮಗೂ ತಿಳಿದಿರಲಿಲ್ಲ. ಆಮೇಲೆ ಕುಳಿತು ಕಲಿತದ್ದನ್ನು ಜೂನಿಯರ್‌ಗಳಿಗಾಗಿ ಇಲ್ಲಿ ಬರೆಯುತ್ತಿದ್ದೇವೆ. ನಮ್ಮದು ತಡವಾಯಿತು, ನಿಮ್ಮದು ಆಗೋದು ಬೇಡ.

೧. ಬಾಳೆಗೆ ಇರೋದು ಏನು?

ಕಮಲಾಪುರದ ಕೆಂಪು ಬಾಳೆಗೆ ಇರುವುದು ಪೇಟೆಂಟ್ ಅಲ್ಲ, ಭೌಗೋಳಿಕ ಸೂಚಕ. ಅಂದರೆ ನಾವೆಲ್ಲ ಕೇಳಿರುವ ಜಿಐ ಟ್ಯಾಗ್. 2019ರಲ್ಲಿ ನಮ್ಮ ಕಲಬುರಗಿ ತೊಗರಿ ಬೇಳೆಗೂ ಸಿಕ್ಕಿದ್ದು ಇದೇ. ಇದಕ್ಕೆ 1999ರ ಪ್ರತ್ಯೇಕ ಕಾಯ್ದೆ ಇದೆ. ಒಂದು ಊರಿನ ಮಣ್ಣು, ಹವಾಮಾನ, ಅಲ್ಲಿನ ಜನರ ರೂಢಿಯಿಂದ ಒಂದು ಪದಾರ್ಥಕ್ಕೆ ವಿಶೇಷ ಗುಣ ಬಂದಿದ್ದರೆ ಆ ಹೆಸರನ್ನು ಈ ಕಾಯ್ದೆ ಕಾಯುತ್ತದೆ. ಹಕ್ಕು ಯಾರೋ ಒಬ್ಬರದಲ್ಲ, ಆ ಭಾಗದ ಬೆಳೆಗಾರರೆಲ್ಲರದು. 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು.

ಪೇಟೆಂಟ್ ಹಾಗಲ್ಲ. ಅದು ಹೊಸದಾಗಿ ಕಂಡುಹಿಡಿದದ್ದಕ್ಕೆ, ಕಂಡುಹಿಡಿದವರಿಗೆ ಅಥವಾ ಅವರಿಂದ ಹಕ್ಕು ಪಡೆದವರಿಗೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ಮಾತ್ರ. ನವೀಕರಣ ಇಲ್ಲ. ಅವಧಿ ಮುಗಿದ ಮೇಲೆ ಅದು ಎಲ್ಲರ ಆಸ್ತಿ. ಬಾಳೆಯನ್ನು ಯಾರೂ ಕಂಡುಹಿಡಿಯಲಿಲ್ಲ, ಅಜ್ಜ ಮುತ್ತಜ್ಜರ ಕಾಲದಿಂದ ಬೆಳೆಯುತ್ತಾ ಬಂದರು. ಸಾಲದ್ದಕ್ಕೆ 1970ರ ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಜೆ) ಗಿಡ, ಬೀಜ, ತಳಿಗಳಿಗೆ ಪೇಟೆಂಟ್ ಇಲ್ಲ ಅಂತ ಸ್ಪಷ್ಟವಾಗಿ ಹೇಳುತ್ತದೆ.

೨. ಮೂರು ಪ್ರಶ್ನೆ, ಒಂದು ಪಟ್ಟಿ

ಪೇಟೆಂಟ್ ಬೇಕೆಂದರೆ ಮೂರು ಪ್ರಶ್ನೆಗೆ ಹೌದು ಅನ್ನುವ ಉತ್ತರ ಬೇಕು. ಒಂದು, ಇದು ಹೊಸದಾ? ಪ್ರಪಂಚದಲ್ಲಿ ಎಲ್ಲಿಯೂ ಮೊದಲೇ ಪ್ರಕಟ ಆಗಿರಬಾರದು. ಎರಡು, ಆ ವಿಷಯ ಬಲ್ಲ ಇಂಜಿನಿಯರ್‌ಗೆ ಸಹಜವಾಗಿ ಹೊಳೆಯುವಂಥದ್ದಲ್ಲ ತಾನೆ? ಮೂರು, ಕೈಗಾರಿಕೆಯಲ್ಲಿ ಮಾಡಲು, ಬಳಸಲು ಬರುತ್ತದಾ?

ಇವಲ್ಲದೆ ಸೆಕ್ಷನ್ 3ರಲ್ಲಿ 'ಇವು ಆವಿಷ್ಕಾರಗಳಲ್ಲ' ಅಂತ ಒಂದು ಪಟ್ಟಿ ಇದೆ. ಬಾಳೆ ಬಿದ್ದದ್ದು ಅದೇ ಪಟ್ಟಿಯಲ್ಲಿ. ಇನ್ನೂ ಎರಡು ಸಾಲು ನಮಗೆ ಮುಖ್ಯ. 3(ಕೆ): ಗಣಿತದ ವಿಧಾನ, ವ್ಯಾಪಾರದ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ 'ಪರ್ ಸೆ', ಅಂದರೆ ಬರೀ ಪ್ರೋಗ್ರಾಂ ಅಷ್ಟೇ ಆದರೆ, ಮತ್ತು ಆಲ್ಗಾರಿದಮ್. 3(ಐ): ಮನುಷ್ಯರಿಗೆ, ಪ್ರಾಣಿಗಳಿಗೆ ಚಿಕಿತ್ಸೆ ಕೊಡುವ, ಆಪರೇಷನ್ ಮಾಡುವ ವಿಧಾನ. ಮೊದಲನೆಯದು ಸಿಎಸ್‌ನವರ ಗಂಟಲಿಗೆ, ಎರಡನೆಯದು ಬಯೋಮೆಡಿಕಲ್‌ನವರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಾಗಿದ್ದರೆ ಈ ಎರಡು ಕ್ಷೇತ್ರದಲ್ಲಿ ಪೇಟೆಂಟ್ ಪಡೆದವರು ಪಡೆದದ್ದಾದರೂ ಏನಕ್ಕೆ? ಎರಡು ಹಳೇ ಅಮೆರಿಕನ್ ಪೇಟೆಂಟ್ ತೆರೆದು ನೋಡೋಣ.

೩. ಕೋಡಿನಲ್ಲಿ ಸೋರಿಕೆ ಹುಡುಕಿದವರು

ನೆಟ್‌ಫ್ಲಿಕ್ಸ್ ಕಟ್ಟಿದ ರೀಡ್ ಹೇಸ್ಟಿಂಗ್ಸ್ ಹೆಸರು ಗೊತ್ತಲ್ಲ? ಅದಕ್ಕೂ ಮೊದಲು, 1991ರಲ್ಲಿ ಅವರು ಪ್ಯೂರ್ ಸಾಫ್ಟ್‌ವೇರ್ ಅನ್ನುವ ಕಂಪನಿ ಶುರು ಮಾಡಿದ್ದರು. ಅದರ ಮೊದಲ ಉಪಕರಣ 'ಪ್ಯೂರಿಫೈ'. ಸಿ ಲ್ಯಾಬ್‌ನಲ್ಲಿ ಅರೇ ಗಡಿ ದಾಟಿ ಓದಿ, ಮ್ಯಾಲಾಕ್ ಮಾಡಿ ಫ್ರೀ ಮಾಡೋದು ಮರೆತು ಬೈಸಿಕೊಂಡ ನಮ್ಮಂಥವರ ಪಾಲಿನ ದೇವರು ಅದು.

ಅದು ಮಾಡುತ್ತಿದ್ದದ್ದು ಇಷ್ಟು. ಕಂಪೈಲ್ ಆದ ಆಬ್ಜೆಕ್ಟ್ ಫೈಲನ್ನು ಲಿಂಕ್ ಮಾಡುವ ಮೊದಲು ತೆರೆದು, ಮೆಮೊರಿ ಮುಟ್ಟುವ ಪ್ರತಿಯೊಂದು ಸೂಚನೆಯ ಮುಂದೆ ಒಂದು ತಪಾಸಣೆ ಸೇರಿಸುವುದು. ಸೋರ್ಸ್ ಕೋಡ್ ಬೇಕಾಗಿಲ್ಲ, ಬೇರೆಯವರ ಲೈಬ್ರರಿಯನ್ನೂ ತಪಾಸಿಸಬಹುದು. ಪ್ರತಿ ಬೈಟಿಗೆ 2 ಬಿಟ್ ಲೆಕ್ಕ: ಈ ಜಾಗ ಯಾರಿಗೂ ಕೊಟ್ಟಿಲ್ಲ, ಕೊಟ್ಟಿದೆ ಆದರೆ ಏನೂ ಬರೆದಿಲ್ಲ, ಕೊಟ್ಟಿದೆ ಮತ್ತು ಬರೆದಿದೆ. 8 ಬಿಟ್ಟಿಗೆ 2 ಬಿಟ್ ಅಂದರೆ 25 ಶೇಕಡಾ ಹೆಚ್ಚು ಮೆಮೊರಿ. ಬೆಲೆ ಇದೆ, ಆದರೆ ಬರೆಯದ ಜಾಗ ಓದಿದ ಕ್ಷಣವೇ ಸಿಕ್ಕಿಬೀಳುತ್ತೀರಿ.

ಅದೇ ಕಂಪನಿ ಆಬ್ಜೆಕ್ಟ್ ಕೋಡಿನೊಳಗೆ ಲೆಕ್ಕ ಸೇರಿಸುವ ಇದೇ ಉಪಾಯವನ್ನು ವೇಗ ಅಳೆಯಲೂ ಬಳಸಿ 'ಕ್ವಾಂಟಿಫೈ' ತಂದಿತು. ಆಗಲೇ ಬರ್ಕ್ಲಿಯಲ್ಲಿ ಹುಟ್ಟಿದ 1982ರ ಜಿಪ್ರೊಫ್ ಇತ್ತು. ಅದು ಗಡಿಯಾರದ ಪ್ರತಿ ಟಿಕ್‌ಗೆ 'ಈಗ ಯಾವ ಫಂಕ್ಷನ್ ಓಡುತ್ತಿದೆ' ಅಂತ ಇಣುಕಿ ಅಂದಾಜು ಹೇಳುತ್ತದೆ. ಕ್ವಾಂಟಿಫೈ ಇಣುಕುವ ಬದಲು ಕೋಡಿನ ತುಣುಕುಗಳನ್ನೇ ಎಣಿಸುತ್ತಿತ್ತು. ಎರಡರ ಕೆಲಸವೂ ಒಂದೇ, ಪ್ರೋಗ್ರಾಂ ಎಲ್ಲಿ ಹೊತ್ತು ಕಳೆಯುತ್ತಿದೆ ಅಂತ ಹೇಳುವುದು. ದಾರಿ ಬೇರೆ.

ಪ್ಯೂರಿಫೈ ಪೇಟೆಂಟ್ ಸಂಖ್ಯೆ 5,193,180. ಅದರ ಹೆಸರಿನಲ್ಲಿ 'ತಪ್ಪು ಹುಡುಕುವ ಸಾಫ್ಟ್‌ವೇರ್' ಅಂತ ಇಲ್ಲ. 'ಮೆಮೊರಿ ಬಳಕೆಯ ಮೇಲೆ ನಿಗಾ ಇಡಲು ಆಬ್ಜೆಕ್ಟ್ ಫೈಲನ್ನು ಮಾರ್ಪಡಿಸುವ ವ್ಯವಸ್ಥೆ' ಅನ್ನುವ ಅರ್ಥದ ಹೆಸರಿದೆ. ಏನು ಮಾಡುತ್ತದೆ ಅನ್ನೋದಲ್ಲ, ಹೇಗೆ ಮಾಡುತ್ತದೆ ಅನ್ನೋದು ಹಕ್ಕು. ಮುಂದೆ ಬಂದ ವಾಲ್‌ಗ್ರಿಂಡ್ ಪ್ರೋಗ್ರಾಂ ಓಡುವಾಗಲೇ ಕೋಡನ್ನು ಬದಲಿಸಿ ತಪಾಸಿಸಿತು, ಅಡ್ರೆಸ್ ಸ್ಯಾನಿಟೈಸರ್ ಕಂಪೈಲರ್ ಒಳಗಿಂದಲೇ ತಪಾಸಿಸಿತು. ಗುರಿ ಒಂದೇ, ದಾರಿ ಮೂರು.

ದಿನಾಂಕದ ಕ್ರಮವನ್ನೂ ಗಮನಿಸಿ. 1991ರಲ್ಲಿ ಪೇಟೆಂಟ್ ಅರ್ಜಿ. 1992ರ ಚಳಿಗಾಲದ ಯೂಸೆನಿಕ್ಸ್ ಸಮ್ಮೇಳನದಲ್ಲಿ ಪೇಪರ್. 1993ರಲ್ಲಿ ಪೇಟೆಂಟ್ ಮಂಜೂರು. ಮೊದಲು ಅರ್ಜಿ, ಆಮೇಲೆ ಜಗತ್ತಿಗೆ ಹೇಳುವುದು. ಈ ಕ್ರಮಕ್ಕೆ ಮತ್ತೆ ಬರುತ್ತೇವೆ.

ನಮ್ಮ ದೇಶದಲ್ಲಿ ಇಂಥದ್ದಕ್ಕೆ 3(ಕೆ) ಅಡ್ಡ ಬರುವುದಿಲ್ಲವಾ? ಬರಬಹುದು. ಆದರೆ 2019ರ ಡಿಸೆಂಬರ್‌ನಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದು ಇದು: ಕಂಪ್ಯೂಟರ್ ಪ್ರೋಗ್ರಾಂ ಆಧರಿಸಿದ ಆವಿಷ್ಕಾರ ಎಲ್ಲವನ್ನೂ ತಳ್ಳಿಹಾಕಬಾರದು, ಅದರಿಂದ ತಾಂತ್ರಿಕ ಪರಿಣಾಮ ಉಂಟಾಗುತ್ತದೆ ಅಂತ ತೋರಿಸಿದರೆ ಪರಿಗಣಿಸಬೇಕು. ಹಾಗಾಗಿ 'ನಮ್ಮ ಆ್ಯಪ್' ಅಂತ ಬರೆದರೆ ಬಾಗಿಲು ಮುಚ್ಚುತ್ತದೆ. 'ಇಂಥ ಯಂತ್ರ ಇಷ್ಟು ಕಡಿಮೆ ಮೆಮೊರಿಯಲ್ಲಿ ಈ ರೀತಿ ಓಡುತ್ತದೆ' ಅಂತ ತೋರಿಸಿದರೆ ಬಾಗಿಲು ತಟ್ಟಲಿಕ್ಕಾದರೂ ಬರುತ್ತದೆ.

೪. ಕಿವಿಯೊಳಗಿನ ಸಣ್ಣ ಯಂತ್ರ

ಎರಡನೇ ಉದಾಹರಣೆ ಕಿವಿಯದು. ಹೈಸ್ಕೂಲಿನಲ್ಲಿ ಓದಿದ್ದು ನೆನಪಿಸಿಕೊಳ್ಳಿ: ಕಿವಿ ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಅನ್ನುವ ಮೂರು ಪುಟ್ಟ ಎಲುಬು. ಇವು ಯಾಕೆ ಬೇಕು? ಗಾಳಿಯಲ್ಲಿ ಬಂದ ಶಬ್ದ ಒಳಗಿವಿಯ ದ್ರವಕ್ಕೆ ನೇರ ಬಡಿದರೆ ಬಹುಪಾಲು ಹಿಂದಕ್ಕೆ ಪುಟಿಯುತ್ತದೆ. ಇಸಿ, ಇಇಯವರ ಭಾಷೆಯಲ್ಲಿ ಇಂಪೀಡೆನ್ಸ್ ಹೊಂದುವುದಿಲ್ಲ. ತಮಟೆಯ ಕ್ಷೇತ್ರಫಲ ರಿಕಾಪಿನ ತಳದ ಸುಮಾರು 17 ಪಟ್ಟು, ಎಲುಬುಗಳ ಸನ್ನೆಗೋಲಿನ ಲಾಭ ಸುಮಾರು 1.3. ಗುಣಿಸಿದರೆ ಒತ್ತಡ ಸುಮಾರು 22 ಪಟ್ಟು, ಅಂದರೆ ಹತ್ತಿರ ಹತ್ತಿರ 27 ಡೆಸಿಬಲ್. ನಮ್ಮ ನಡುಗಿವಿ ಒಂದು ಟ್ರಾನ್ಸ್‌ಫಾರ್ಮರ್.

ಸಾಮಾನ್ಯ ಶ್ರವಣಯಂತ್ರ ಶಬ್ದವನ್ನು ದೊಡ್ಡದು ಮಾಡಿ ತಮಟೆಗೆ ಬಡಿಯುತ್ತದೆ. ನಮ್ಮಲ್ಲೊಬ್ಬನ ಅಜ್ಜಿ ಅದನ್ನು ಹಾಕಿಕೊಂಡರೆ ಕೀ ಅಂತ ಕೂಗುತ್ತದೆ, ಕಿವಿ ತುರಿಸುತ್ತದೆ ಅಂತ ತೆಗೆದಿಡುತ್ತಾರೆ. ಹಾಗಾದರೆ ಶಬ್ದ ಬಿಟ್ಟು ಎಲುಬನ್ನೇ ಅಲುಗಾಡಿಸಿದರೆ ಹೇಗೆ? ಈ ಯೋಚನೆ ಹಳೆಯದು. 1935ರಲ್ಲೇ ಫಿನ್ಲೆಂಡಿನ ಆಲ್ವಾರ್ ವಿಲ್ಸ್ಕಾ ತಮಟೆಯ ಮೇಲೆ ಕಬ್ಬಿಣದ ಚೂರು ಇಟ್ಟು ಕಾಯಿಲ್‌ನಿಂದ ಅಲುಗಾಡಿಸಿ ನೋಡಿದ್ದರು. 1984ರಲ್ಲಿ ಜಪಾನಿನ ಸುಜುಕಿ, ಯಾನಾಗಿಹಾರಾ ತಂಡ ಪೀಜೊಎಲೆಕ್ಟ್ರಿಕ್ ಇಂಪ್ಲಾಂಟ್ ಕೂರಿಸಿತು. ಹಾಗಾಗಿ 'ಎಲುಬನ್ನು ಅಲುಗಾಡಿಸುವುದು' ಅನ್ನೋದಕ್ಕೆ 1990ರ ದಶಕದಲ್ಲಿ ಯಾರೂ ಪೇಟೆಂಟ್ ಪಡೆಯುವ ಹಾಗಿರಲಿಲ್ಲ.

ತೊಡಕು ಬೇರೆಡೆ ಇತ್ತು. ಮ್ಯಾಗ್ನೆಟ್ ಎಲುಬಿನ ಮೇಲೆ, ಕಾಯಿಲ್ ಇನ್ನೆಲ್ಲೋ ಇಟ್ಟರೆ ನಡುವಿನ ಅಂತರ ಸ್ವಲ್ಪ ಬದಲಾದರೂ ಬಲ ಕುಸಿಯುತ್ತದೆ. ಚಿಕ್ಕಂದಿನಲ್ಲೇ ಕಿವಿ ಮಂದವಾಗಿದ್ದ ಅಮೆರಿಕದ ಇಂಜಿನಿಯರ್ ಜೆಫ್ರಿ ಬಾಲ್ ಇದಕ್ಕೊಂದು ದಾರಿ ಕಂಡರು. ಮ್ಯಾಗ್ನೆಟ್ಟನ್ನು ಪುಟ್ಟ ಡಬ್ಬಿಯೊಳಗಿಟ್ಟು, ಡಬ್ಬಿಯ ಸುತ್ತಲೇ ಕಾಯಿಲ್ ಸುತ್ತಿ, ಇಡೀ ಡಬ್ಬಿಯನ್ನು ಅಡಿಗಲ್ಲಿಗೆ ಕ್ಲಿಪ್ ಹಾಕಿದರು. ಕರೆಂಟ್ ಹರಿದಾಗ ಒಳಗಿನ ಮ್ಯಾಗ್ನೆಟ್ ಒಂದು ಕಡೆ ಸರಿದರೆ ಡಬ್ಬಿ ಇನ್ನೊಂದು ಕಡೆ ಸರಿಯುತ್ತದೆ. ನ್ಯೂಟನ್ನನ ಮೂರನೇ ನಿಯಮ, ಅಷ್ಟೇ. ಡಬ್ಬಿ ಎಲುಬಿನ ಜೊತೆಗೇ ತೇಲುವುದರಿಂದ ಅಂತರದ ತಂಟೆಯೇ ಇಲ್ಲ. ತೂಕ ಸುಮಾರು 25 ಮಿಲಿಗ್ರಾಂ. ಪೇಟೆಂಟ್ ಸಂಖ್ಯೆ 5,456,654, ಅರ್ಜಿ 1993ರಲ್ಲಿ, ಮಂಜೂರು 1995ರಲ್ಲಿ. 1996ರಲ್ಲಿ ಜೂರಿಕ್‌ನಲ್ಲಿ ಮೊದಲ ರೋಗಿಗೆ ಕೂರಿಸಿದರು. ಅದೇ 'ವೈಬ್ರಂಟ್ ಸೌಂಡ್‌ಬ್ರಿಡ್ಜ್'. ಮುಂದೆ ಬಾಲ್ ತಮ್ಮ ಕಿವಿಗೂ ಅದನ್ನೇ ಹಾಕಿಸಿಕೊಂಡರು.

ನಮ್ಮ ಕಾಯ್ದೆಯ ಕಣ್ಣಿಂದ ನೋಡಿದರೆ ಇಲ್ಲೂ ಒಂದು ಗೆರೆ ಇದೆ. ಡಬ್ಬಿ ಒಂದು ಸಾಧನ, ಅದಕ್ಕೆ ಪೇಟೆಂಟ್ ಕೇಳಬಹುದು. ಅದನ್ನು ಕಿವಿಯೊಳಗೆ ಕೂರಿಸುವ ಆಪರೇಷನ್ ವಿಧಾನಕ್ಕೆ 3(ಐ) ಪ್ರಕಾರ ಕೇಳುವಂತಿಲ್ಲ. ಇನ್ನೊಂದು ಮಾತು: ಪೇಟೆಂಟ್ ಸಿಕ್ಕರೆ ಸಾಕು, ದುಡ್ಡು ಬರುತ್ತದೆ ಅನ್ನುವುದೂ ಸುಳ್ಳು. ಬಾಲ್ ಕಟ್ಟಿದ ಸಿಂಫೊನಿಕ್ಸ್ ಕಂಪನಿಗೆ 2000ದಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕರೂ ಅದು ಉಳಿಯಲಿಲ್ಲ. 2003ರಲ್ಲಿ ಆಸ್ಟ್ರಿಯಾದ ಮೆಡ್-ಎಲ್ ಆ ತಂತ್ರಜ್ಞಾನ ಕೊಂಡು ಮುಂದುವರಿಸಿತು.

೫. ಇನ್ನು ನಮ್ಮ ಕಥೆ

ನಮ್ಮ ಪ್ರಾಜೆಕ್ಟ್ ಏನಿತ್ತೆಂದರೆ, ಸಣ್ಣ ಮೈಕ್ರೊಕಂಟ್ರೋಲರ್ ಬೋರ್ಡಿನಲ್ಲಿ ಯಾವ ಫಂಕ್ಷನ್ ಎಷ್ಟು ಹೊತ್ತು ತಿನ್ನುತ್ತದೆ ಅಂತ ಅಳೆಯುವ ಉಪಕರಣ. ಫಂಕ್ಷನ್ ಶುರುವಾದಾಗ ಒಂದು ಪಿನ್ ಮೇಲೆ, ಮುಗಿದಾಗ ಕೆಳಗೆ. ಹೊರಗಿನಿಂದ ಅದನ್ನು ಓದಿ ಗ್ರಾಫ್ ಮಾಡುವುದು. ಒಂದೇ ಪಿನ್‌ನಲ್ಲಿ ಹಲವು ಫಂಕ್ಷನ್‌ಗಳ ಗುರುತು ಕಳಿಸಲು ನಾವೊಂದು ಉಪಾಯ ಮಾಡಿದ್ದೆವು. ಕಾಲೇಜು ಪ್ರದರ್ಶನದಲ್ಲಿ ಚಪ್ಪಾಳೆ ಬಿತ್ತು, ಅದೇ ರಾತ್ರಿ ವಿಡಿಯೋ ಯೂಟ್ಯೂಬಿಗೆ, ಕೋಡ್ ಗಿಟ್‌ಹಬ್ಬಿಗೆ.

ಎಷ್ಟೋ ದಿನ ಆದ ಮೇಲೆ ಪೇಟೆಂಟ್ ಮಾಡ್ಸೋಣ ಅಂತ ಸರ್ ಹತ್ತಿರ ಹೋದೆವು. ಸರ್ ಕೇಳಿದ್ದು ಎರಡೇ ಪ್ರಶ್ನೆ. "ಮೊದಲು ಯಾರಾದ್ರೂ ಮಾಡ್ಯಾರೇನು, ಹುಡುಕೀರಿ?" ಇಲ್ಲ ಸರ್. "ಹೊರಗ ಎಲ್ಲಾರಿಗೂ ತೋರಿಸೀರಿ?" ಹೌದು ಸರ್, ಎಲ್ಲಾರಿಗೂ. ಸರ್ ನಕ್ಕರು. ನಮಗೆ ನಗು ಬರಲಿಲ್ಲ.

ಅಲ್ಲೇ ಕುಳಿತು ಹುಡುಕಿದಾಗ ಪಿನ್ ಏರಿಳಿಸಿ ಸಮಯ ಅಳೆಯೋದು ಎಂಬೆಡೆಡ್ ಜನ ಎಂದಿನಿಂದಲೋ ಮಾಡುತ್ತಿದ್ದದ್ದು ಅಂತ ತಿಳಿಯಿತು. ನಮ್ಮದು ಅನ್ನಬಹುದಾದದ್ದು ಆ ಒಂದು ಸಣ್ಣ ಉಪಾಯ ಮಾತ್ರ. ಅದನ್ನು ನಾವೇ ಜಗತ್ತಿಗೆ ಹೇಳಿಬಿಟ್ಟಿದ್ದೆವು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಓದಿದ ಪೇಪರ್, ಇಂಥ ಕೆಲವಕ್ಕೆ ಕಾಯ್ದೆ 12 ತಿಂಗಳ ರಿಯಾಯಿತಿ ಕೊಡುತ್ತದೆ. ಯೂಟ್ಯೂಬ್ ವಿಡಿಯೋ ಅದರೊಳಗೆ ಬರುವುದಿಲ್ಲ. ಹೇಸ್ಟಿಂಗ್ಸ್ ಅರ್ಜಿ ಮೊದಲು, ಪೇಪರ್ ಆಮೇಲೆ ಅಂದರು. ನಾವು ವಿಡಿಯೋ ಮೊದಲು, ಯೋಚನೆ ಆಮೇಲೆ ಅಂದೆವು.

೬. ನೀವು ಮಾಡಬೇಕಾದದ್ದು

ಒಂದು, ಪ್ರಾಜೆಕ್ಟ್ ಸಿನಾಪ್ಸಿಸ್ ಬರೆಯುವ ಮೊದಲೇ ಪೇಟೆಂಟ್ ಹುಡುಕಿ. ಭಾರತೀಯ ಪೇಟೆಂಟ್ ಕಚೇರಿಯ 'ಇನ್‌ಪಾಸ್' ಮತ್ತು ಗೂಗಲ್ ಪೇಟೆಂಟ್ಸ್ ಎರಡೂ ಪುಕ್ಕಟೆ. ಮೇಲೆ ಕೊಟ್ಟ ಎರಡು ಸಂಖ್ಯೆ ಹಾಕಿ ಅಭ್ಯಾಸ ಶುರು ಮಾಡಿ.

ಎರಡು, ಪೇಟೆಂಟ್ ಓದುವಾಗ ಮೊದಲು ಚಿತ್ರ ನೋಡಿ, ಆಮೇಲೆ ಕೊನೆಯಲ್ಲಿರುವ ಕ್ಲೇಮುಗಳಿಗೆ ಹೋಗಿ. ಹಕ್ಕಿನ ಗಡಿ ಇರೋದು ಅಲ್ಲಿ. ನಡುವಿನ ವಿವರಣೆ ಪಠ್ಯಪುಸ್ತಕ ಇದ್ದ ಹಾಗೆ. ಗುಟ್ಟು ಬಿಟ್ಟುಕೊಟ್ಟರೆ ಮಾತ್ರ ಹಕ್ಕು ಅನ್ನುವುದೇ ಪೇಟೆಂಟಿನ ಒಪ್ಪಂದ, ಹಾಗಾಗಿ ಓದುವ ಹಕ್ಕು ನಮ್ಮೆಲ್ಲರದು.

ಮೂರು, ಏನಾದರೂ ಹೊಸದು ಅನಿಸಿದರೆ ಪ್ರದರ್ಶನಕ್ಕೆ ಮೊದಲು ತಾತ್ಕಾಲಿಕ ವಿವರಣೆಯ ಅರ್ಜಿ ಹಾಕಿ. ಆ ದಿನಾಂಕ ನಿಮ್ಮದಾಗುತ್ತದೆ, ಪೂರ್ಣ ವಿವರಣೆ ಕೊಡಲು 12 ತಿಂಗಳು ಸಿಗುತ್ತದೆ. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1600 ರೂಪಾಯಿ. ಮುಂದೆ ಪರೀಕ್ಷೆಗೆ ಬೇರೆ ಕೋರಿಕೆ, ಬೇರೆ ಶುಲ್ಕ ಇದೆ. ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ. ಬಾಳೆಯ ಹೆಸರು ದಾಖಲಾದ ಜಿಐ ನೋಂದಣಿ ಕಚೇರಿ ಇರುವುದೂ ಚೆನ್ನೈನಲ್ಲೇ.

ನಾಲ್ಕು, ಎಲ್ಲರಿಗೂ ಬಿಟ್ಟುಕೊಡುತ್ತೇವೆ ಅಂದರೆ ಅದೂ ಒಳ್ಳೆಯದೇ. ಜಿಪ್ರೊಫ್, ವಾಲ್‌ಗ್ರಿಂಡ್ ಇಲ್ಲದೆ ನಮ್ಮ ಲ್ಯಾಬ್ ಇಲ್ಲ. ಆದರೆ ಅದು ಗೊತ್ತಿದ್ದು ಮಾಡಿದ ಆಯ್ಕೆ ಆಗಿರಲಿ, ನಮ್ಮ ಹಾಗೆ ಗೊತ್ತಿಲ್ಲದೆ ಕಳೆದುಕೊಂಡದ್ದು ಆಗದಿರಲಿ.

ಮೊನ್ನೆ ಮತ್ತೆ ಕಮಲಾಪುರದಲ್ಲಿ ಇಳಿದಾಗ ಅಕ್ಕಾರಿಗೆ ಹೇಳಿದೆವು: "ಅಕ್ಕಾರ, ಇದು ಪೇಟೆಂಟ್ ಅಲ್ರೀ, ಜಿಐ. 20 ವರ್ಷಕ್ಕ ಮುಗಿಯೂದಿಲ್ಲ, ಊರಿಗೆಲ್ಲ ಸೇರಿದ್ದು." ಅಕ್ಕಾರು ಒಂದು ಹಣ್ಣು ಹೆಚ್ಚಿಗೆ ಹಾಕಿ ಅಂದರು, "ಹಂಗಂದ್ರ ಇನ್ನೂ ಚಲೋ ಆತಲ್ರೀ."