ಹಿತ್ತಿಲ ಬಸಳೆಯೂ ಮನೆಯ ಸಂತೋಷವೂ



ಸಂತೋಷವನ್ನು ಹುಡುಕಿಕೊಂಡು ಮನುಷ್ಯನು ಬಹು ದೂರ ಹೋಗುತ್ತಾನೆ. ಹಬ್ಬ ಬರಲಿ, ಜಾತ್ರೆ ಬರಲಿ, ಪರೀಕ್ಷೆ ಮುಗಿಯಲಿ, ಕೆಲಸ ಸಿಗಲಿ, ಆಮೇಲೆ ಸುಖವಾಗಿರೋಣ ಎಂದು ದಿನಗಳನ್ನು ಮುಂದೂಡುತ್ತಾನೆ. ವರ್ಷದ 365 ದಿನಗಳಲ್ಲಿ ಹಬ್ಬಗಳೆಷ್ಟು? ಉಳಿದ ದಿನಗಳೆಲ್ಲ ಬರಿದಾಗಿಯೇ ಕಳೆಯಬೇಕೆ? ಈ ಪ್ರಶ್ನೆಯನ್ನು ನಮ್ಮ ಕಾಸರಗೋಡಿನ ಒಂದು ಸಾಮಾನ್ಯ ಬಳ್ಳಿಯ ಮೂಲಕ ವಿಚಾರಿಸೋಣ. ಆ ಬಳ್ಳಿಯೇ ಬಸಳೆ.

ಕಳೆದ ಮಳೆಗಾಲದಲ್ಲಿ ಆರನೆಯ ತರಗತಿಯ ಮಕ್ಕಳಿಗೆ ನಾನೊಂದು ಪ್ರಶ್ನೆ ಕೊಟ್ಟೆನು: “ನಿನ್ನೆ ನೀವು ಉಂಡ ಊಟದಲ್ಲಿ ನಿಮ್ಮ ಹಿತ್ತಿಲಲ್ಲಿ ಬೆಳೆದುದು ಯಾವುದು?” ಹಲವರು ‘ತೆಂಗಿನಕಾಯಿ’ ಎಂದು ಬರೆದು ಲೇಖನಿಯನ್ನು ಕೆಳಗಿಟ್ಟರು. ಕೆಲವರ ಹಾಳೆ ಬರಿದಾಗಿಯೇ ಉಳಿಯಿತು. ಒಬ್ಬ ಬಾಲಕನು ಎದ್ದು ನಿಂತು, “ಮಾಷ್ಟ್ರೇ, ಹಿತ್ತಿಲು ಎಂದರೆ ಯಾವುದು?” ಎಂದು ವಿನಯದಿಂದಲೇ ಕೇಳಿದನು. ನನಗೆ ಅವನ ಮೇಲೆ ಕೋಪ ಬರಲಿಲ್ಲ. ಕಾರಣವೇನೆಂದರೆ, ಆ ಪ್ರಶ್ನೆಯಲ್ಲಿ ನನ್ನ ಅಪರಾಧವೂ ಇತ್ತು.

ನಮ್ಮ ಮನೆಯ ಬಾವಿಕಟ್ಟೆಯ ಬಳಿಯಲ್ಲಿ ನನ್ನ ತಾಯಿಯವರು ಪ್ರತಿವರ್ಷವೂ ಬಸಳೆಯ ಚಪ್ಪರ ಹಾಕಿಸುತ್ತಿದ್ದರು. ಕೆಲವು ವರ್ಷಗಳ ಹಿಂದೆ ನಾನು ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿಸುವಾಗ ಆ ಚಪ್ಪರವನ್ನು ಕೀಳಿಸಿದೆನು. ಕೆಸರು ತಪ್ಪಿತು, ನೋಟಕ್ಕೆ ಚೆನ್ನಾಯಿತು ಎಂದು ನನಗೆ ಹೆಮ್ಮೆಯಾಗಿತ್ತು. “ಅಂಗಳ ಚಂದ ಆಯಿತು ಮಗಾ” ಎಂದಷ್ಟೇ ಅವರು ಹೇಳಿದರು. ಮರುದಿನ ನೋಡಿದರೆ, ಒಡೆದ ಕೊಡವೊಂದರಲ್ಲಿ ಮಣ್ಣು ತುಂಬಿ ಬಸಳೆಯ ಒಂದು ತುಂಡನ್ನು ನೆಟ್ಟಿದ್ದರು. ಅವರು ತೀರಿಕೊಂಡ ಮೇಲೆ ಆ ಕೊಡಕ್ಕೆ ನೀರೆರೆಯುವವರಿಲ್ಲದೆ ಬಳ್ಳಿ ಒಣಗಿತು. ನೀರೆರೆಯಬೇಕಾದವನು ನಾನೇ ಆಗಿದ್ದೆನು.

ಒಂದು ದಿನ ನನ್ನ ಮಗಳು, “ಅಪ್ಪಾ, ಅಜ್ಜಿಯ ಬಸಳೆ ಇನ್ನು ಇಲ್ಲವೇ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಬೇಲಿಯಾಚೆಯಿಂದ ಅದನ್ನು ಕೇಳಿಸಿಕೊಂಡ ನೆರೆಮನೆಯ ತಾಯಿಯೊಬ್ಬರು ಸಂಜೆ ಬಸಳೆಯ ಮೂರು ತುಂಡುಗಳನ್ನು ತಂದುಕೊಟ್ಟರು. ಅವರ ಮನೆಮಾತು ಮಲಯಾಳ. ನಮ್ಮೊಡನೆ ಮಾತನಾಡುವುದು ತುಳುವಿನಲ್ಲಿ. “ಇದು ನಿಮ್ಮ ಅಮ್ಮ ನನಗೆ ಕೊಟ್ಟ ಬಳ್ಳಿಯೇ. ಇನ್ನು ನೀವು ನೆಟ್ಟುಕೊಳ್ಳಿ” ಎಂದರು. ತಾಯಿಯವರು ಕೊಟ್ಟುದರಿಂದಲೇ ಅದು ಉಳಿದಿತ್ತು. ಇಟ್ಟುಕೊಂಡಿದ್ದ ನನ್ನಲ್ಲಿ ಉಳಿಯಲಿಲ್ಲ.

ಬಸಳೆಯನ್ನು ಬೆಳೆಸುವ ಕ್ರಮ

ಬಸಳೆಗೆ ಬೀಜವುಂಟು, ಆದರೂ ಬಳ್ಳಿಯ ತುಂಡನ್ನು ನೆಡುವುದೇ ಸುಲಭ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುವುದರಿಂದ ಜಡಿಮಳೆಯಲ್ಲಿ ಎಳೆಯ ಬುಡ ಕೊಳೆಯುವ ಭಯವುಂಟು. ಆದುದರಿಂದ ಮಳೆ ಹಿಂಜರಿದ ಮೇಲೆ ನೆಡುವುದು ಒಳ್ಳೆಯದು. ಬಲಿತ ಬಳ್ಳಿಯಿಂದ ಗೇಣುದ್ದದ ತುಂಡನ್ನು ಆರಿಸಿ, ಎರಡು ಗೆಣ್ಣುಗಳು ಮಣ್ಣಿನೊಳಗಿರುವಂತೆ ನೆಡಬೇಕು. ಗೆಣ್ಣಿನಿಂದಲೇ ಬೇರೊಡೆಯುತ್ತದೆ. ಹಟ್ಟಿಗೊಬ್ಬರವನ್ನೂ ಸುಡುಮಣ್ಣನ್ನೂ ಬುಡಕ್ಕೆ ಹಾಕಿ, ಬೆಳಗ್ಗೆ ಸಂಜೆ ನೀರು ಹನಿಸಬೇಕು. ಒಲೆಯ ಬೂದಿಯಲ್ಲಿ ಪೊಟ್ಯಾಶ್ ಇರುವುದರಿಂದ ಅದನ್ನು ಸ್ವಲ್ಪವಾಗಿ ಉದುರಿಸಬಹುದು. ಬಳ್ಳಿ ನೆಲದ ಮೇಲೆ ಹರಿದರೆ ಎಲೆಗೆ ಮಣ್ಣು ಸಿಡಿದು ರೋಗ ತಗಲುವುದುಂಟು. ಚಪ್ಪರಕ್ಕೆ ಹಬ್ಬಿಸಿದರೆ ಬಿಸಿಲೂ ಗಾಳಿಯೂ ಚೆನ್ನಾಗಿ ದೊರೆಯುತ್ತವೆ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬಳ್ಳಿಯ ತುದಿಯ ಕುಡಿಯು ತನ್ನ ಕೆಳಗಿನ ಪಕ್ಕದ ಮೊಗ್ಗುಗಳನ್ನು ಬೆಳೆಯಲು ಬಿಡುವುದಿಲ್ಲ. ತುದಿಯನ್ನು ಕೊಯ್ದೊಡನೆ ಆ ಮೊಗ್ಗುಗಳು ಎಚ್ಚತ್ತು ಕವಲೊಡೆಯುತ್ತವೆ. ಆದುದರಿಂದ ಬಸಳೆಯು ಕೊಯ್ದಷ್ಟೂ ಹೆಚ್ಚುವುದು. ಚಿಕ್ಕವರಿಗೆ ಇನ್ನೊಂದು ಸಂತೋಷವುಂಟು. ಹಣ್ಣಾದ ಬಸಳೆಕಾಯಿಯನ್ನು ಹಿಂಡಿದರೆ ಕಡುನೇರಳೆ ಬಣ್ಣದ ರಸ ಬರುತ್ತದೆ. ಅದರಲ್ಲಿ ಕಡ್ಡಿ ಅದ್ದಿ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿರಿ.

ತಟ್ಟೆಯಲ್ಲಿರುವ ವಿದ್ಯೆ

ಬಸಳೆಯ ಎಲೆಯಲ್ಲಿ ಕಬ್ಬಿಣ, ಸುಣ್ಣಾಂಶಗಳೂ, ಕಣ್ಣಿಗೆ ಹಿತವಾದ ‘ಎ’ ಜೀವಸತ್ವವಾಗಿ ಮಾರ್ಪಡುವ ಅಂಶವೂ ಇವೆ. ನಮ್ಮ ಅಜ್ಜಿಯಂದಿರು ಬಸಳೆಯೊಡನೆ ಅಲಸಂಡೆ ಬೀಜವನ್ನು ಬೇಯಿಸಿ, ತೆಂಗಿನಕಾಯಿ ಅರೆದು ಹಾಕಿ, ಕುಚ್ಚಲಕ್ಕಿಯ ಅನ್ನಕ್ಕೆ ಬಡಿಸುತ್ತಿದ್ದರು. ಅಕ್ಕಿಯ ಸಸಾರಜನಕದಲ್ಲಿ ಲೈಸೀನ್ ಎಂಬ ಅಂಶವು ಕಡಮೆ. ಅಲಸಂಡೆ ಬೀಜದಲ್ಲಿ ಅದು ಸಾಕಷ್ಟಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಊಟದೊಡನೆ ನಿಂಬೆಯ ರಸವೋ ನೆಲ್ಲಿಕಾಯಿಯೋ ಇದ್ದರೆ ಸೊಪ್ಪಿನ ಕಬ್ಬಿಣವು ದೇಹಕ್ಕೆ ಹೆಚ್ಚಾಗಿ ದಕ್ಕುವುದು. ಪುಸ್ತಕವನ್ನು ಓದದಿದ್ದ ಕೈಗಳು ಇಂತಹ ಅಡಿಗೆಯನ್ನು ಅನುಭವದಿಂದ ಕಂಡುಕೊಂಡಿದ್ದುವು.

ಬಸಳೆಯೊಂದೇ ಅಲ್ಲ. ಆಟಿ ತಿಂಗಳ ಮಳೆಯಲ್ಲಿ ಕೆಸುವಿನ ಎಲೆಯ ಪತ್ರೊಡೆ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ. ಮಳೆ ಬಿಟ್ಟ ಮೇಲೆ ಹರಿವೆ, ಬೆಂಡೆ, ತೊಂಡೆ. ಬೇಸಗೆಯಲ್ಲಿ ಬೆಳೆದ ಸೌತೆಕಾಯಿಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದಡಿಯಲ್ಲಿ ತೂಗಹಾಕಿದರೆ ಮಳೆಗಾಲದ ಸಾಂಬಾರಿಗೆ ಆಯಿತು. ಹೀಗೆ ಪ್ರತಿಯೊಂದು ಋತುವೂ ಅಡಿಗೆಕೋಣೆಯ ಬಾಗಿಲಿಗೆ ಬಂದು ಹೋಗುತ್ತಿದ್ದಿತು. ಬರುವುದನ್ನು ಕಾಯುವುದೇ ಒಂದು ಸುಖವಾಗಿದ್ದಿತು.

ನಮ್ಮ ಜಿಲ್ಲೆಗೆ ಇನ್ನೊಂದು ಕಹಿಯಾದ ಪಾಠವೂ ದೊರೆತಿದೆ. ಗೇರುತೋಟಗಳ ಮೇಲೆ 2000ನೆಯ ಇಸವಿಯವರೆಗೆ ವಿಮಾನದಿಂದ ಸಿಂಪಡಿಸಲಾದ ಎಂಡೋಸಲ್ಫಾನ್ ಎಷ್ಟು ಮನೆಗಳಲ್ಲಿ ದುಃಖವನ್ನು ಉಳಿಸಿತೆಂಬುದನ್ನು ನೀವು ಬಲ್ಲಿರಿ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ನಾವು ತಿನ್ನುವ ಸೊಪ್ಪಿನ ಮೇಲೆ ಏನು ಬಿದ್ದಿದೆ ಎಂದು ತಿಳಿದಿರಬೇಕಾದ ಅಗತ್ಯವು ನಮಗಿಂತ ಹೆಚ್ಚಾಗಿ ಯಾರಿಗಿದೆ? ಹಿತ್ತಿಲ ಗಿಡದ ವಿಷಯದಲ್ಲಿ ಅದನ್ನು ಬಲ್ಲವರು ನಾವೇ.

ಬಳ್ಳಿಯೊಡನೆ ಉಳಿಯುವ ಮಾತು

ನಮ್ಮದು ಏಳು ಭಾಷೆಗಳು ಕೂಡುವ ನೆಲವೆಂದು ಹೇಳಿಕೊಳ್ಳುತ್ತೇವೆ. 1956ರ ನವೆಂಬರ 1ರಂದು ಈ ನಾಡು ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟು ಕಾಲವೂ ಇಲ್ಲಿ ಕನ್ನಡವನ್ನು ಕಾಪಾಡಿದುದು ಶಾಲೆಯೊಂದೇ ಎಂದು ತಿಳಿಯಬಾರದು. ಶಾಲೆಯಲ್ಲಿ ಭಾಷೆಗೆ ದೊರೆಯುವುದು ಕೆಲವು ತಾಸು; ಮನೆಯಲ್ಲಿ ಮೂರು ಹೊತ್ತು. ಮಗು ಸೊಪ್ಪನ್ನು ಬಿಡಿಸುವಾಗ ಗೆಣ್ಣು, ಕುಡಿ, ದಂಟು, ಚಿಗುರು ಎಂಬ ಮಾತುಗಳನ್ನು ಕಲಿಯುತ್ತದೆ. ಒಂದೆಲಗವನ್ನು ನೆರೆಮನೆಯವರು ತುಳುವಿನಲ್ಲಿ ತಿಮರೆ ಎಂದಾಗ ಆ ಮಾತನ್ನೂ ಕಲಿಯುತ್ತದೆ. ಗಿಡವು ಹಿತ್ತಿಲಿನಿಂದ ಹೋದರೆ ಮಾತೂ ಬಾಯಿಯಿಂದ ಹೋಗುವುದು. ಆಗ ಪುಸ್ತಕದ ಕನ್ನಡವು ಮಕ್ಕಳಿಗೆ ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿದೀತು.

ನಮ್ಮವರೇ ಆದ ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನೆಯಿರಿ. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಅವರು ಅಧ್ಯಾಪಕರು, ಕನ್ನಡದ ಹೋರಾಟಗಾರರು, ಜೊತೆಗೆ ಕೃಷಿಕರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ದುಡಿತವೇ ನನ್ನ ದೇವರು’. ಲೇಖನಿ ಹಿಡಿದ ಕೈಗೆ ಮಣ್ಣು ತಗಲಿದರೆ ವಿದ್ಯೆಗೆ ಕುಂದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ?

ಹೆತ್ತವರಲ್ಲಿ ನನ್ನ ವಿನಂತಿ ಸಣ್ಣದು. ದೊಡ್ಡ ತೋಟ ಬೇಡ. ಒಂದು ಕೊಡ, ಒಂದು ಬಳ್ಳಿ ಸಾಕು. ಅದರ ಹೊಣೆಯನ್ನು ಮಗುವಿಗೇ ಒಪ್ಪಿಸಿರಿ. ರಾತ್ರಿಯ ಊಟವನ್ನಾದರೂ ಎಲ್ಲರೂ ಕೂಡಿ ಕುಳಿತು ಮಾಡಿರಿ. ಆ ಹೊತ್ತಿನಲ್ಲಿ ಮೊಬೈಲು ಬದಿಗಿರಲಿ. ಸೊಪ್ಪು ಕೊಯ್ದವರು ಯಾರು, ಕಾಯಿ ತುರಿದವರು ಯಾರು ಎಂದು ಮಾತು ಬರಲಿ. ಅಡಿಗೆಯ ಭಾರವು ತಾಯಿಯೊಬ್ಬಳದೇ ಆಗದಿರಲಿ. ಗಂಡುಮಕ್ಕಳೂ ಕಾಯಿ ತುರಿಯಲು ಕಲಿಯಲಿ.

ಮಕ್ಕಳೇ, ಈ ರಜೆಯಲ್ಲಿ ಮಾಡತಕ್ಕ ಕೆಲಸಗಳು ಇವು:

1. ಬಸಳೆಯ ಒಂದು ತುಂಡನ್ನು ನೆಟ್ಟು, ಮೊದಲ ಚಿಗುರು ಬಂದ ದಿನವನ್ನು ಬರೆದಿಡಿರಿ.

2. ನಿಮ್ಮ ಹಿತ್ತಿಲಿನ ಹತ್ತು ಗಿಡಗಳ ಹೆಸರನ್ನು ಕನ್ನಡದಲ್ಲಿಯೂ, ನೆರೆಯವರ ಭಾಷೆಯಲ್ಲಿಯೂ ಕೇಳಿ ಬರೆಯಿರಿ.

3. ಅಜ್ಜಿಯಿಂದಾಗಲಿ ತಾಯಿಯಿಂದಾಗಲಿ ಒಂದು ಅಡಿಗೆಯ ಕ್ರಮವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ.

4. ಬಳ್ಳಿ ಹಬ್ಬಿದ ಮೇಲೆ ಒಂದು ತುಂಡನ್ನು ತಪ್ಪದೆ ಇನ್ನೊಂದು ಮನೆಗೆ ಕೊಡಿರಿ.

ನಾಲ್ಕನೆಯದನ್ನು ಮರೆಯಬೇಡಿರಿ. ನಮ್ಮ ಮನೆಯ ಬಾವಿಕಟ್ಟೆಯ ಬಳಿಯಲ್ಲಿ ನಾಲ್ಕು ಕಲ್ಲುಗಳನ್ನು ಎಬ್ಬಿಸಿ ಈಗ ಮತ್ತೆ ಚಪ್ಪರ ಹಾಕಿದ್ದೇನೆ. ಸಂಜೆ ಶಾಲೆಯಿಂದ ಹೋದವನು ಮೊದಲು ಅದಕ್ಕೆ ನೀರೆರೆಯುತ್ತೇನೆ. ಮಗಳು ಕುಡಿ ಕೊಯ್ಯುತ್ತಾಳೆ. ನಾನು ದೂರದಲ್ಲೆಲ್ಲಿಯೋ ಇದೆಯೆಂದು ತಿಳಿದಿದ್ದ ಸಂತೋಷವು ಆ ಅರ್ಧ ತಾಸಿನಲ್ಲಿದೆ. ಬಳ್ಳಿ ಬೇಕಾದವರು ಬನ್ನಿರಿ, ತುಂಡುಗಳನ್ನು ಕೊಡುವೆನು.