ಹೆಸರು ಬರೆಸುವ ಮೊದಲು ಮನೆಯಲ್ಲಿ ಹೇಳಿ

ಸವಳಂಗದಲ್ಲಿ ರಕ್ತದಾನಕ್ಕೆ ಜನರನ್ನು ಕಾಡಿ ಬೇಡಿ ಕರೆಯಬೇಕಾಗಿಲ್ಲ. ಶಾಲೆಯಲ್ಲಿ ಪಾಠ ಮಾಡುತ್ತಲೇ ವರ್ಷಗಳಿಂದ ಶಿಬಿರಗಳಿಗೆ ಓಡಾಡುತ್ತಿರುವ ನಾನು ಇದನ್ನು ಹೆಮ್ಮೆಯಿಂದ ಹೇಳಬಲ್ಲೆ. ಅಡಿಕೆ ಕೊಯ್ಲಿನ ನಡುವೆಯೂ ಹುಡುಗರು ಬಂದು ಮಲಗಿ, ತೋಳು ಚಾಚಿ, ಒಂದು ಪೊಟ್ಟಣ ಬಿಸ್ಕತ್ತು ತಿಂದು ಹೋಗುತ್ತಾರೆ. ಅದೇ ಹುಡುಗರಿಗೆ ಸ್ಟೆಮ್ ಸೆಲ್ ದಾನಿಯಾಗಿ ಹೆಸರು ಬರೆಸಿ ಅಂದಾಗ ಮಾತ್ರ ಮುಖ ಬದಲಾಗುತ್ತದೆ. "ಬೆನ್ನುಮೂಳೆಗೆ ಸೂಜಿ ಹಾಕಿ ತೆಗೀತಾರಂತೆ, ಹೌದಾ ಮೇಷ್ಟ್ರೇ?"

ಇಲ್ಲ. ಬೆನ್ನುಹುರಿಗೂ ಇದಕ್ಕೂ ಸಂಬಂಧವೇ ಇಲ್ಲ. ಇವತ್ತು ಹತ್ತರಲ್ಲಿ ಒಂಬತ್ತು ದಾನಗಳು ತೋಳಿನ ರಕ್ತನಾಳದಿಂದಲೇ ಆಗುತ್ತವೆ. ಅದಕ್ಕೆ ಮುಂಚೆ 4–5 ದಿನ ಒಂದು ಚುಚ್ಚುಮದ್ದು ಕೊಡುತ್ತಾರೆ. ಮೂಳೆಯೊಳಗಿನ ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳು ಅದರಿಂದ ಹೆಚ್ಚಾಗಿ ರಕ್ತಕ್ಕೆ ಇಳಿಯುತ್ತವೆ. ಆಮೇಲೆ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕೋಶಗಳು ಮಾತ್ರ ಅಲ್ಲಿ ಉಳಿದು, ಮಿಕ್ಕ ರಕ್ತ ಇನ್ನೊಂದು ತೋಳಿಗೆ ವಾಪಸು ಬರುತ್ತದೆ. ಮೂರು ನಾಲ್ಕು ಗಂಟೆಯ ಕೆಲಸ. ಚುಚ್ಚುಮದ್ದಿನ ದಿನಗಳಲ್ಲಿ ಮೈಕೈ ನೋವು, ತಲೆನೋವು ಬರುತ್ತವೆ, ಜ್ವರ ಹಿಡಿಯುವ ಮುಂಚೆ ಮೂಳೆ ಮೂಳೆ ನೋಯುವ ಹಾಗೆ. ಇದನ್ನು ಮುಚ್ಚಿಡಬಾರದು. ನೋವೇ ಇರೋದಿಲ್ಲ ಅಂತ ಹೇಳಿಸಿಕೊಂಡವನು ಮೊದಲ ಚುಚ್ಚುಮದ್ದಿಗೇ ನಂಬಿಕೆ ಕಳೆದುಕೊಳ್ಳುತ್ತಾನೆ. ಉಳಿದ ಕೆಲವರಿಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯ ಹಿಂಭಾಗದಿಂದ ಮಜ್ಜೆ ತೆಗೆಯುತ್ತಾರೆ. ಕೊಟ್ಟದ್ದನ್ನು ದೇಹ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಹೆಸರು ಬರೆಸುವುದಂತೂ ಇನ್ನೂ ಸುಲಭ. ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ 18ರಿಂದ 55 ವರ್ಷದೊಳಗಿನ ಆರೋಗ್ಯವಂತರನ್ನು ನೋಂದಾಯಿಸುತ್ತದೆ, ಚೆನ್ನೈನಲ್ಲಿ ದಾತ್ರಿ ಎಂಬ ನೋಂದಣಿ ಸಂಸ್ಥೆಯಿದೆ. ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಭಾಗಕ್ಕೆ ಉಜ್ಜಿ ಕೊಟ್ಟರೆ ಆಯಿತು. ನಮ್ಮ ಕಡೆ ಬಾಯಲ್ಲಿ ಎಲೆಅಡಿಕೆ ಇಲ್ಲದವರು ಕಡಿಮೆ, ಹಾಗಾಗಿ ಮೊದಲು ಚೆನ್ನಾಗಿ ಬಾಯಿ ಮುಕ್ಕಳಿಸಿಕೊಂಡು ಸ್ವಲ್ಪ ಹೊತ್ತು ಕಾಯಲು ಹೇಳುತ್ತೇನೆ.

ನನಗೆ ವರ್ಷಗಳಲ್ಲಿ ತಿಳಿದ ಮುಖ್ಯ ಸಂಗತಿ ಬೇರೆ. ಕಡ್ಡಿ ಉಜ್ಜಿದ ದಿನ ಹುಡುಗ ಹೂಂ ಅನ್ನುತ್ತಾನೆ. ನಿಜವಾದ ಹೂಂ ಬರಬೇಕಾದದ್ದು ಮುಂದೊಂದು ದಿನ ನಿನ್ನ ಕೋಶ ಒಬ್ಬ ರೋಗಿಗೆ ಹೊಂದುತ್ತದೆ ಅಂತ ಫೋನ್ ಬಂದಾಗ, ಅದೂ ಮನೆಯವರ ಬಾಯಿಂದ. ಆ ಫೋನ್ ಆರು ತಿಂಗಳಿಗೆ ಬರಬಹುದು, ಹತ್ತು ವರ್ಷಕ್ಕೆ ಬರಬಹುದು, ಬರದೆಯೂ ಇರಬಹುದು. ಬಂದಾಗ ಅವ್ವ ಅಳುತ್ತಾಳೆ, ಅಪ್ಪ "ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ" ಅನ್ನುತ್ತಾನೆ. ಮದುವೆಯಾದ ಹೆಣ್ಣುಮಗಳಾದರೆ ಇನ್ನೂ ಕಷ್ಟ. ಒಬ್ಬ ಅತ್ತೆ ನನ್ನನ್ನು ಕೂರಿಸಿಕೊಂಡು ಕೇಳಿದರು: "ನಮ್ಮನೇಗೆ ಬಂದ ಹುಡುಗಿ ಮೇಷ್ಟ್ರೇ. ನಾಳೆ ಮಕ್ಕಳಾಗದೇ ಹೋದ್ರೆ ಅವರಪ್ಪನಿಗೆ ನಾನೇನು ಹೇಳ್ಲಿ?" ಅದು ಕೊಂಕು ಮಾತಲ್ಲ, ಸೊಸೆಯ ಮೇಲಿನ ಕಾಳಜಿ. ದಾನದಿಂದ ಮಕ್ಕಳಾಗುವುದಕ್ಕೆ ತೊಂದರೆಯಿಲ್ಲ, ಬಸುರಿ ಬಾಣಂತಿಯರಿಂದ ತೆಗೆದುಕೊಳ್ಳುವುದೂ ಇಲ್ಲ ಅಂತ ನಿಧಾನವಾಗಿ ಹೇಳಿದೆ. ಅಂದಿನಿಂದ ಶಿಬಿರಕ್ಕೆ ಬರುವವರಿಗೆ, ಇವತ್ತು ಮನೆಗೆ ಹೋಗಿ ಮಾತಾಡಿ, ಒಪ್ಪಿದರೆ ನಾಳೆ ಬಂದು ಹೆಸರು ಬರೆಸಿ ಅನ್ನುತ್ತೇನೆ. ಪಟ್ಟಿ ಚಿಕ್ಕದಾಗುತ್ತದೆ, ಆಗಲಿ.

ಯಾಕೆಂದರೆ ಕೊನೆ ಗಳಿಗೆಯಲ್ಲಿ ಹೇಳುವ "ಇಲ್ಲ" ರೋಗಿಯ ಜೀವಕ್ಕೇ ಎರವಾಗುತ್ತದೆ. ಬ್ಲಡ್ ಕ್ಯಾನ್ಸರ್ ಆದವರಿಗೆ, ತಲಸ್ಸೇಮಿಯಾದ ಮಕ್ಕಳಿಗೆ ಹೊಸ ಕೋಶ ಹಾಕುವ ಮುಂಚೆ ಬಲವಾದ ಔಷಧಿಯಿಂದ ಅವರದೇ ಮಜ್ಜೆಯನ್ನು ನಾಶಮಾಡುತ್ತಾರೆ. ಅದಾದ ಮೇಲೆ ದಾನಿ ಹಿಂದೆ ಸರಿದರೆ ರೋಗಿಗೆ ಹಿಂದಕ್ಕೆ ಹೋಗುವ ದಾರಿಯಿರುವುದಿಲ್ಲ. ಮನಸ್ಸಿಲ್ಲದವರು ಮೊದಲೇ ಬೇಡ ಅಂದರೆ ಯಾರಿಗೂ ನಷ್ಟವಿಲ್ಲ.

ಸ್ಟೆಮ್ ಸೆಲ್ ದಾನದಲ್ಲಿ ದಾನಿಯ, ರೋಗಿಯ ರಕ್ತದ ಗುಂಪು ಹೊಂದಬೇಕಾಗಿಲ್ಲ ಅಂದರೆ ಜನಕ್ಕೆ ಆಶ್ಚರ್ಯ. ಕಸಿಯಾದ ಮೇಲೆ ರೋಗಿಯ ಗುಂಪೇ ದಾನಿಯ ಗುಂಪಿಗೆ ತಿರುಗುತ್ತದೆ. ಹೊಂದಬೇಕಾದದ್ದು ಎಚ್‌ಎಲ್‌ಎ ಎಂಬ ಗುರುತು. ಅದರಲ್ಲಿ ಅರ್ಧ ಅಪ್ಪನಿಂದ, ಅರ್ಧ ಅವ್ವನಿಂದ ಬಂದಿರುತ್ತದೆ. ಒಡಹುಟ್ಟಿದ ಒಬ್ಬರಲ್ಲಿ ಅದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಅರ್ಧ ಹೊಂದಿದ ಅಪ್ಪ ಅವ್ವನಿಂದಲೂ ಕಸಿ ಮಾಡುತ್ತಾರೆ, ಆದರೂ ಪೂರ್ತಿ ಹೊಂದುವ ದಾನಿಗಾಗಿ ಹುಡುಕಾಟ ನಿಂತಿಲ್ಲ. ಈ ಹುಡುಕಾಟಕ್ಕೆ ಪಟ್ಟಿ ಬೇಕು ಅಂತ 1974ರಲ್ಲಿ ಲಂಡನ್ನಿನಲ್ಲಿ ಶರ್ಲಿ ನೋಲನ್ ಎಂಬ ತಾಯಿ ತನ್ನ ಮಗ ಆಂಥನಿಗಾಗಿ ಮೊದಲ ನೋಂದಣಿ ಶುರುಮಾಡಿದರು. ಹೊಂದುವವರು ಸಿಗದೆ 1979ರಲ್ಲಿ ಹುಡುಗ ತೀರಿಕೊಂಡ; ಪಟ್ಟಿ ಬೆಳೆಯಿತು. ಇವತ್ತು ಲೋಕದಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿವೆ. ಜರ್ಮನಿಯೊಂದರಲ್ಲೇ ಸುಮಾರು 1 ಕೋಟಿ, ಇಷ್ಟು ದೊಡ್ಡ ನಮ್ಮ ದೇಶದಲ್ಲಿ ಕೆಲವೇ ಲಕ್ಷ.

ಎಚ್‌ಎಲ್‌ಎ ಹೊಂದುವುದು ಸಾಮಾನ್ಯವಾಗಿ ಒಂದೇ ಮೂಲದ ಜನರಲ್ಲಿ. ತಲೆಮಾರುಗಳಿಂದ ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತಂದ ನಮ್ಮ ಸಮುದಾಯಗಳಿಗೆ ಜರ್ಮನಿಯ ಪಟ್ಟಿ ಎಷ್ಟು ಉದ್ದವಿದ್ದರೂ ಒದಗುವುದು ಕಡಿಮೆ. ಇದನ್ನು ಯೋಚಿಸುವಾಗಲೆಲ್ಲ ನನಗೆ ಸೂರಗೊಂಡನಕೊಪ್ಪ ನೆನಪಾಗುತ್ತದೆ. ನಮ್ಮ ನ್ಯಾಮತಿ ತಾಲ್ಲೂಕಿನದೇ ಊರು, ಸಂತ ಸೇವಾಲಾಲರು ಹುಟ್ಟಿದ ಜಾಗ. ಫೆಬ್ರುವರಿಯ ಜಯಂತಿಗೆ ಮಾಲೆ ಹಾಕಿದ ಬಂಜಾರರು ಕರ್ನಾಟಕದ ತಾಂಡಾಗಳಿಂದ ಮಾತ್ರವಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಬರುತ್ತಾರೆ. ಯವತಮಾಳದ ತಾಂಡಾದ ಮಗುವಿಗೆ ಬೇಕಾದ ಕೋಶ ಹೊನ್ನಾಳಿ ಕಡೆಯ ತಾಂಡಾದ ಹುಡುಗನಲ್ಲಿ ಇರಬಹುದು. ಇಬ್ಬರ ಹೆಸರೂ ಪಟ್ಟಿಯಲ್ಲಿಲ್ಲದಿದ್ದರೆ ಅದು ಗೊತ್ತಾಗುವ ಬಗೆಯೇ ಇಲ್ಲ.

ಇನ್ನೊಂದು ವಿಷಯ ಸಣ್ಣದು, ಆದರೆ ದಾನಿಗಳು ಕೈತಪ್ಪುವುದು ಅಲ್ಲಿಯೇ: ಫೋನ್ ನಂಬರು. ಊರಲ್ಲಿ ಹೆಸರು ಬರೆಸಿದವನು ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಸಿಮ್ ಬದಲಿಸುತ್ತಾನೆ, ಹುಡುಗಿ ಮದುವೆಯಾಗಿ ಜಗಳೂರಿಗೋ ಚನ್ನಗಿರಿಗೋ ಹೋಗುತ್ತಾಳೆ. ನಂಬರು ಬದಲಾದರೆ ನೋಂದಣಿ ಸಂಸ್ಥೆಗೆ ತಿಳಿಸಬೇಕು. ಅದಕ್ಕೇ ನಾನು ಮನೆಯ ಹಿರಿಯರೊಬ್ಬರ ನಂಬರನ್ನೂ ಕೊಡಲು ಹೇಳುತ್ತೇನೆ.

ಬರುವ ಜಯಂತಿಗೆ ಸೂರಗೊಂಡನಕೊಪ್ಪದಲ್ಲಿ ಒಂದು ಮೇಜು ಹಾಕಿಸಬೇಕೆಂಬ ಆಸೆಯಿದೆ. ಅದಕ್ಕೆ ಮೊದಲು ಸುತ್ತಲಿನ ತಾಂಡಾಗಳ ನಾಯಕರ ಜೊತೆ ಕೂತು ಮಾತಾಡಬೇಕು, ಅವರು ಒಪ್ಪಿದರೆ ಮನೆಗಳು ಒಪ್ಪುತ್ತವೆ. ಮೇಜಿನ ಹಿಂದೆ ಬಂಜಾರರ ಮಾತಾದ ಗೋರ್‌ಬೋಲಿ ಬಲ್ಲ ಹುಡುಗಿಯರು ಕೂರಬೇಕು, ಅತ್ತೆಯಂದಿರು ತಮ್ಮ ಭಯವನ್ನು ತಮ್ಮ ಮಾತಲ್ಲೇ ಹೇಳಿಕೊಳ್ಳುವಂತಾಗಬೇಕು. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಇಬ್ಬರು ಈಗಾಗಲೇ ಬರುತ್ತೇವೆ ಅಂದಿದ್ದಾರೆ, ಮನೆಯಲ್ಲಿ ಕೇಳಿಯೇ.